ಹಿಫ್ಝ್ ಮುಗಿಸಿದ ಮಗುವಿಗೆ ವಿಜ್ಞಾನದ ದಾರಿ



ಕಳೆದ ತಿಂಗಳು ಜುಮಾ ನಮಾಝ್ ಮುಗಿದ ಮೇಲೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಹದಿಮೂರು ವರ್ಷ. ಅಲ್‌ಹಮ್ದುಲಿಲ್ಲಾಹ್, ಹಿಫ್ಝ್ ಪೂರ್ತಿಯಾಗಿದೆ. ಆದರೆ ಮೂರು ವರ್ಷದಿಂದ ಶಾಲೆಗೆ ಹೋಗಿಲ್ಲ. ಮನೆಯಲ್ಲಿ ಅಕ್ಕ ಕನ್ನಡ, ಇಂಗ್ಲಿಷ್, ಲೆಕ್ಕ ಹೇಳಿಕೊಡುತ್ತಾಳೆ. "ಉಸ್ತಾದರೇ, ವಿಜ್ಞಾನ ಮಾತ್ರ ನಮ್ಮಿಂದ ಆಗುವುದಿಲ್ಲ. ಇವನಿಗೆ ಡಾಕ್ಟರ್ ಆಗುವ ಆಸೆ" ಎಂದರು.

ಆ ಮಾತು ನನಗೆ ನಾಟಿತು. ನಾನೂ ಮದ್ರಸದಿಂದ ಹೊರಬಂದು ಬಿ.ಎ. ಮಾಡಿದವನು. ಅದು ನಾನು ಆರಿಸಿಕೊಂಡದ್ದಲ್ಲ, ಅಷ್ಟರಲ್ಲಿ ವಿಜ್ಞಾನದ ಬಾಗಿಲು ಮುಚ್ಚಿತ್ತು. ಆ ತಾಯಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಪರೀಕ್ಷೆಯ ದಾರಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ಬಿಟ್ಟ ಮಗುವನ್ನು 14 ವರ್ಷದೊಳಗೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬಹುದು. ಸಾಧ್ಯವಿದ್ದವರು ಈ ಹಕ್ಕನ್ನು ಬಿಡಬೇಡಿ. ಮನೆಯಲ್ಲೇ ಓದುವುದಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. 14 ತುಂಬಿದವರು ಅದರ ಹತ್ತನೇ ತರಗತಿ ಪರೀಕ್ಷೆಗೆ ನೋಂದಾಯಿಸಬಹುದು. ಐದು ವಿಷಯ ಪಾಸಾಗಬೇಕು. ಇಲ್ಲೇ ಹಲವರು ಎಡವುತ್ತಾರೆ: ಸುಲಭವೆಂದು ವಿಜ್ಞಾನ, ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುತ್ತಾರೆ. ಮುಂದೆ ಪಿಯು ವಿಜ್ಞಾನಕ್ಕೆ ಹೋಗುವಾಗ ಕಷ್ಟಪಡುತ್ತಾರೆ. ವಿಷಯ ಆರಿಸುವ ಮೊದಲೇ ಹತ್ತಿರದ ಪಿಯು ಕಾಲೇಜಿನಲ್ಲಿ ವಿಚಾರಿಸಿ.

ಪುಸ್ತಕಗಳು

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್, ಉರ್ದು ಮಾಧ್ಯಮದ ಪುಸ್ತಕಗಳು ಉಚಿತವಾಗಿವೆ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೆಯೇ. ಪಾಠದ ಪಕ್ಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ವಿಡಿಯೊ ಪಾಠ ಬರುತ್ತದೆ. ಹುಡುಗ ಮೂರು ವರ್ಷ ಓದಿಲ್ಲವಾದರೆ ನೇರ ಹತ್ತನೆಯದನ್ನು ಕೊಡಬೇಡಿ. ಆರನೇ ತರಗತಿಯಿಂದ ಶುರು ಮಾಡಿ. ದೊಡ್ಡ ಮಗು ಅದನ್ನು ಬೇಗ ಮುಗಿಸುತ್ತದೆ. ಓದಿನ ರುಚಿ ಹತ್ತಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಿಕ ಒಳ್ಳೆಯದು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ವಿಡಿಯೊಗಳೂ ಉಚಿತವಾಗಿ ಸಿಗುತ್ತವೆ.

ಅಂಗಳವೇ ಪ್ರಯೋಗಶಾಲೆ

ಒಂದು ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. 11 ಗಂಟೆಯಿಂದ 2 ಗಂಟೆಯವರೆಗೆ ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಡಲಿ. ನೆರಳು ಅತಿ ಗಿಡ್ಡವಾದಾಗ ಸೂರ್ಯ ನೆತ್ತಿಯ ರೇಖೆ ದಾಟುತ್ತಾನೆ, ಆಮೇಲೆಯೇ ಝುಹ್ರ್ ಸಮಯ ಆರಂಭ. ಮಸೀದಿಯ ಸಮಯಪಟ್ಟಿಯೊಂದಿಗೆ ಹೋಲಿಸಿ ನೋಡಲಿ. ಮಂಗಳೂರಿನಲ್ಲಿ ಅದು 12 ಗಂಟೆಗೆ ಆಗುವುದಿಲ್ಲ, ಸುಮಾರು 12.15ರಿಂದ 12.45ರೊಳಗೆ ಆಗುತ್ತದೆ. ಏಕೆ? ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಏಳೂವರೆ ಡಿಗ್ರಿಯಷ್ಟು ಪಶ್ಚಿಮದಲ್ಲಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಲೆಕ್ಕ ಅವನೇ ಮಾಡಲಿ.

ಹಾಗೆಯೇ ಹಿಜ್‌ರಿ ತಿಂಗಳ ಮೊದಲ ರಾತ್ರಿಯಿಂದ ಚಂದ್ರನ ಚಿತ್ರ ಬರೆಯಲಿ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಚಂದ್ರ ಹುಟ್ಟುವುದು ಅವನಿಗೇ ತಿಳಿಯುತ್ತದೆ. ಒಂದು ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿದರೆ ಹೊರಗಿನ ದೃಶ್ಯ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಬೆಳಕನ್ನು ಇಂಥ ಪ್ರಯೋಗಗಳಿಂದಲೇ ಅಭ್ಯಸಿಸಿದರು.

ರಜೆಯಲ್ಲಿ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೋ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯಿರಿ.

ಜಮಾಅತ್‌ನವರಲ್ಲಿ ಒಂದು ವಿನಂತಿ. ನಮ್ಮ ಮೊಹಲ್ಲಾದಲ್ಲಿ ಬಿ.ಎಸ್ಸಿ. ಓದಿದ ಹೆಣ್ಣುಮಕ್ಕಳು, ನಿವೃತ್ತ ಶಿಕ್ಷಕರು ಇದ್ದಾರೆ. ವಾರಕ್ಕೆ ಎರಡು ಗಂಟೆ ಇಂಥ ಮಕ್ಕಳಿಗೆ ಕೊಡಿ. ಕುರ್‌ಆನ್ ಪೂರ್ತಿ ಕಂಠಪಾಠ ಮಾಡಿದ ಮಗುವಿಗೆ ಕಲಿಯುವ ಶಕ್ತಿ ಇಲ್ಲವೆನ್ನಲಾದೀತೇ? ಅವನಿಗೆ ಬೇಕಾದದ್ದು ಕೈಹಿಡಿಯುವವರು.

ಆ ಹುಡುಗ ಮೊನ್ನೆ ನೆರಳಿನ ಲೆಕ್ಕ ತಂದು ತೋರಿಸಿದ. ಎರಡು ಕಡೆ ತಪ್ಪಿತ್ತು. ತಾನೇ ತಿದ್ದಿದ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.