ಹಿಂಗಾರಿನ ಕೆಸರು ಮತ್ತು ಜಾನುವಾರುಗಳ ಕಾಲಿನ ಚರ್ಮರೋಗ: ಗ್ರಾಮ ಪಂಚಾಯಿತಿಗಳ ಪಾತ್ರ

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳಲ್ಲಿ ಮುಂಗಾರು ಮುಗಿದ ನಂತರವೂ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂಗಾರು ಮಳೆಯಾಗುತ್ತದೆ. ಅದರ ಬೆನ್ನಿಗೇ ಚಳಿ, ಇಬ್ಬನಿ ಬರುವುದರಿಂದ ನೆಲ ಬೇಗ ಒಣಗುವುದಿಲ್ಲ. ರಾಗಿ ಕೊಯ್ಲಿನ ಈ ಕಾಲದಲ್ಲಿಯೇ ಎತ್ತು ಕುಂಟಿದರೆ, ಹಸು ಹಾಲು ಕಡಿಮೆ ಮಾಡಿದರೆ ರೈತ ಕುಟುಂಬಕ್ಕೆ ನೇರ ನಷ್ಟ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಿಂದ ಹೆಸರಾದ ಈ ಭಾಗದಲ್ಲಿ ಜಾನುವಾರುಗಳ ಕಾಲಿನ ಆರೋಗ್ಯ ಸಣ್ಣ ವಿಷಯವಲ್ಲ.

ರೋಗ ಬರುವ ಬಗೆ

ಸದಾ ಒದ್ದೆಯಾಗಿರುವ ಚರ್ಮ ಮೆತ್ತಗಾಗುತ್ತದೆ. ಕೆಸರಿನ ಮರಳು, ಕಲ್ಲುಚೂರುಗಳು ಅದನ್ನು ಗೀರುತ್ತವೆ. ಆ ಗೀರುಗಳ ಮೂಲಕ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಗೊರಸಿನ ಮೇಲ್ಭಾಗದಲ್ಲಿ ಕೂದಲು ಗುಂಪಾಗಿ ಅಂಟಿಕೊಂಡು ಹಕ್ಕಳೆ ಕಟ್ಟುತ್ತದೆ; ಹಕ್ಕಳೆಯ ಕೆಳಗೆ ಕೀವು, ಊತ, ನೋವು ಕಾಣಿಸುತ್ತವೆ. ಕುದುರೆಗಳಿಗೂ ಇದೇ ರೋಗ ತಗಲುತ್ತದೆ. ಉದುರಿದ ಹಕ್ಕಳೆಯಲ್ಲಿ ರೋಗಾಣು ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಕಿದೊಡನೆ ಚುರುಕಾಗುತ್ತದೆ. ಆದ್ದರಿಂದ ಔಷಧ ಹಚ್ಚಿದ ಜಾನುವಾರನ್ನು ಪುನಃ ಅದೇ ಕೆಸರಿನಲ್ಲಿ ನಿಲ್ಲಿಸಿದರೆ ಚಿಕಿತ್ಸೆ ವ್ಯರ್ಥವಾಗುತ್ತದೆ. ಕಾಲು ಒಣಗಿರುವುದೇ ಮೊದಲ ಮದ್ದು.

ಪಾಲಕರಿಗೆ ತಿಳಿಸಬೇಕಾದ ಅಂಶಗಳು

1. ರೋಗ ತಗುಲಿದ ಭಾಗದ ಕೂದಲನ್ನು ಕತ್ತರಿಸಿ, ಪಶುವೈದ್ಯರು ಸೂಚಿಸಿದ ನಂಜುನಿವಾರಕದಿಂದ ತೊಳೆದು, ಶುಭ್ರ ಬಟ್ಟೆಯಿಂದ ಪೂರ್ಣವಾಗಿ ಒರೆಸಬೇಕು. ಒರೆಸದೆ ಪದೇ ಪದೇ ತೊಳೆಯುವುದರಿಂದ ರೋಗ ಹೆಚ್ಚುತ್ತದೆ.

2. ಒಣ ಹಕ್ಕಳೆಯನ್ನು ಕೀಳಬಾರದು. ನೆನೆದು ಸಡಿಲಗೊಂಡು ಬಂದದ್ದನ್ನು ಸಂಗ್ರಹಿಸಿ ಸುಡಬೇಕು. ಈ ರೋಗ ಮನುಷ್ಯರಿಗೂ ತಗಲಬಹುದಾದ್ದರಿಂದ ಕೈಗವಸು ಧರಿಸಬೇಕು.

3. ಸುಟ್ಟ ಎಂಜಿನ್ ಎಣ್ಣೆ, ಸೀಮೆಎಣ್ಣೆ ಹಚ್ಚುವುದು ಹಾನಿಕರ.

4. ಕುರಿಗಳಲ್ಲಿ ಗೊರಸಿನ ಸಂದು ಕೊಳೆತು ದುರ್ವಾಸನೆ ಬಂದರೆ ಅದು ಬೇರೆ ರೋಗಾಣುಗಳಿಂದ ಬರುವ ಗೊರಸು ಕೊಳೆ ರೋಗ. ಅದಕ್ಕೆ ಶೇ 10ರ ಜಿಂಕ್ ಸಲ್ಫೇಟ್ ದ್ರಾವಣದಲ್ಲಿ ಕಾಲು ಅದ್ದಿಸುವ ಕ್ರಮವಿದೆ. ಮೈಲುತುತ್ತದ ನೀರನ್ನು ಕುರಿಗಳು ಕುಡಿದರೆ ವಿಷವಾಗುತ್ತದೆ.

5. ಕಾಲಿನ ಹುಣ್ಣಿನೊಂದಿಗೆ ಬಾಯಲ್ಲಿ ಹುಣ್ಣು, ಜೊಲ್ಲು, ಜ್ವರ ಕಂಡರೆ ಕಾಲುಬಾಯಿ ರೋಗವಿರಬಹುದು. ಅಂಥ ಜಾನುವಾರನ್ನು ತಕ್ಷಣ ಪ್ರತ್ಯೇಕಿಸಿ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಬೇಕು.

ಪಂಚಾಯಿತಿಯ ಹೊಣೆ

ಮನೆಯ ಕೊಟ್ಟಿಗೆಯನ್ನು ರೈತರು ಒಣಗಿಸಿಕೊಳ್ಳಬಹುದು. ಊರಿನ ಜಾನುವಾರು ತೊಟ್ಟಿಯ ಸುತ್ತಲಿನ ಕೆಸರನ್ನು ಒಬ್ಬ ರೈತರಿಂದ ನಿವಾರಿಸಲಾಗದು. ಊರಿನ ಹಲವು ಮನೆಗಳ ಜಾನುವಾರುಗಳು ಅಲ್ಲಿಯೇ ನಿಂತು ನೀರು ಕುಡಿಯುವುದರಿಂದ ರೋಗ ಒಂದರಿಂದ ಇನ್ನೊಂದಕ್ಕೆ ದಾಟಲು ಅದು ಅನುಕೂಲದ ಜಾಗ. ತೊಟ್ಟಿಯ ನಲ್ಲಿ ನಿಮಿಷಕ್ಕೆ 1 ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್ ನೀರು ಅಲ್ಲಿಯೇ ನಿಲ್ಲುತ್ತದೆ. ಎರೆಮಣ್ಣಿನ ಗ್ರಾಮಗಳಲ್ಲಿ ಅದು ಸುಲಭವಾಗಿ ಇಂಗುವುದೂ ಇಲ್ಲ.

ಆದ್ದರಿಂದ ಸದಸ್ಯರು ಹಿಂಗಾರಿಗೆ ಮುನ್ನವೇ ತಮ್ಮ ವಾರ್ಡಿನ ತೊಟ್ಟಿಗಳನ್ನು ಪರಿಶೀಲಿಸಿ, ಸೋರುವ ನಲ್ಲಿಗಳನ್ನು ದುರಸ್ತಿ ಮಾಡಿಸುವುದು ಸೂಕ್ತ. ತೊಟ್ಟಿಯ ಸುತ್ತ ಸುಮಾರು 10 ಅಡಿ ಅಗಲಕ್ಕೆ ಕಲ್ಲು ಹಾಸಿ, 40 ಅಡಿಗೆ 1 ಅಡಿಯಂತೆ ಹೊರಮುಖ ಇಳಿಜಾರು ನೀಡಿ, ಹೆಚ್ಚುವರಿ ನೀರನ್ನು ಚರಂಡಿಗೆ ಹರಿಸಬಹುದು; ನೀರು ಇಂಗುವ ಮಣ್ಣಿದ್ದಲ್ಲಿ ಇಂಗುಗುಂಡಿಯೂ ಆಗುತ್ತದೆ. ಹಾಸು ನುಣುಪಾಗಿದ್ದರೆ ಜಾನುವಾರು ಜಾರುತ್ತವೆ, ಒರಟಾಗಿಯೇ ಇರಲಿ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನುಸೂಚಿಯಲ್ಲಿ ಪಶುಸಂಗೋಪನೆಯೂ ಗ್ರಾಮ ಪಂಚಾಯಿತಿಯ ಪ್ರಕಾರ್ಯವಾಗಿದೆ. ಹೀಗಾಗಿ ಈ ಕಾಮಗಾರಿಯನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಕೋರಿದೆ. ತೊಟ್ಟಿಯ ಬಳಿ ನೆಲ ಒಣಗಿದ್ದರೆ ಮನೆಯಲ್ಲಿ ಹಚ್ಚಿದ ಔಷಧವೂ ಫಲ ಕೊಡುತ್ತದೆ.