ಗಡಿಸೀಮೆಯ ಶಾಸನಗಳಿಗೆ ತ್ರಿಆಯಾಮ ಪ್ರತಿರೂಪ: ಹವ್ಯಾಸಿಗಳಿಗೆ ಎದುರಾಗುವ ತೊಡಕುಗಳು ಮತ್ತು ಪರಿಹಾರಗಳು

ಮಡಕಶಿರ ಸೀಮೆಯ ಗುಡಿಬಂಡೆಯಿಂದ ಅಮರಾಪುರದ ಕಡೆಗೆ, ಅಲ್ಲಿಂದ ಶಿರಾ ತಾಲ್ಲೂಕಿನ ಎಲ್ಲೆಯವರೆಗೆ ಹರಡಿರುವ ನೆಲವು ಒಂದು ಕಾಲದ ನೊಳಂಬವಾಡಿ ಮೂವತ್ತೆರಡು ಸಾವಿರದ ಭಾಗ. ಶಾಸನಗಳು ಹೆಂಜೇರು ಎಂದು ಕರೆಯುವ ಹೇಮಾವತಿ ನೊಳಂಬ-ಪಲ್ಲವರ ರಾಜಧಾನಿಯಾಗಿತ್ತು. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಈ ಸೀಮೆಯ ಕನ್ನಡದ ಚರಿತ್ರೆಗೆ ಇಲ್ಲಿನ ಕಲ್ಲುಗಳೇ ಮೊದಲ ಸಾಕ್ಷಿ. 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗವು ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿತು. ಆ ಪಾಠಗಳು ನಮ್ಮ ಕೈಯಲ್ಲಿವೆ. ಆದರೆ ಕಲ್ಲುಗಳು ಬಿಸಿಲು ಮಳೆಗೆ, ಸುಣ್ಣ ಬಣ್ಣಗಳಿಗೆ, ರಸ್ತೆ ಕಾಮಗಾರಿಗಳಿಗೆ ಒಡ್ಡಿಕೊಂಡೇ ಉಳಿದಿವೆ. ಒಂದು ಅಕ್ಷರದ ಬಗೆಗೆ ಸಂದೇಹ ಬಂದಾಗ ಮೂಲವನ್ನು ಮತ್ತೆ ನೋಡುವ ಅವಕಾಶ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ಸಾಮಾನ್ಯ ಮೊಬೈಲ್ ಕ್ಯಾಮೆರಾ ಮತ್ತು ಉಚಿತ ತಂತ್ರಾಂಶಗಳಿಂದ ಶಾಸನದ ತ್ರಿಆಯಾಮ ಪ್ರತಿರೂಪವನ್ನು ರಚಿಸುವುದು ಇಂದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಾಧ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಶಾಸನಗಳ ತ್ರಿಆಯಾಮ ಡಿಜಿಟಲ್ ಸಂರಕ್ಷಣಾ ಯೋಜನೆಯು ಸ್ಕ್ಯಾನರ್ ನೆರವಿನಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಹೀಗೆ ದಾಖಲಿಸಿ ಮಾದರಿಯೊಂದನ್ನು ಒದಗಿಸಿದೆ. ಸ್ಕ್ಯಾನರ್ ಇಲ್ಲದವರು ಛಾಯಾಚಿತ್ರಗಳಿಂದಲೇ ಪ್ರತಿರೂಪ ಕಟ್ಟುವ ಫೋಟೋಗ್ರಾಮೆಟ್ರಿ ವಿಧಾನವನ್ನು ಅನುಸರಿಸಬಹುದು. ಆ ವಿಧಾನದಲ್ಲಿ ಎದುರಾಗುವ ತೊಡಕುಗಳನ್ನೂ ಅವುಗಳ ಪರಿಹಾರಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದರೊಂದಿಗೆ ಒಂದು ಎಚ್ಚರಿಕೆಯೂ ಇದೆ: ಪ್ರತಿರೂಪವೂ ಒಂದು ಸಂಪಾದನೆಯೇ. ಅದನ್ನು ಅಂದಗೊಳಿಸುವ ಪ್ರತಿಯೊಂದು ಹೆಜ್ಜೆಯೂ ಪಾಠವನ್ನು ತಿದ್ದಬಲ್ಲದು.

ಪಡಿಯಚ್ಚು ಮತ್ತು ಪ್ರತಿರೂಪ

ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಶಾಸನಶಾಸ್ತ್ರದ ಅಡಿಗಲ್ಲು. ಅದು ಅಕ್ಷರದ ಗಾತ್ರವನ್ನು ಯಥಾವತ್ತಾಗಿ ಕೊಡುತ್ತದೆ. ಆದರೆ ಅದರಲ್ಲಿ ಕಪ್ಪು ಮತ್ತು ಬಿಳುಪು ಎರಡೇ ಇವೆ. ಉಳಿ ಕೊರೆದ ಗೆರೆಯೂ ಕಲ್ಲಿನ ಸಹಜ ಬಿರುಕೂ ಅಲ್ಲಿ ಸಮಾನವಾಗಿ ಬಿಳಿಯಾಗಿ ಕಾಣುತ್ತವೆ. ಪ್ರತಿರೂಪವು ಆಳವನ್ನು ಕೊಡುತ್ತದೆ. ಉಳಿಯ ಗೆರೆಗೆ ಬಹುಮಟ್ಟಿಗೆ ಒಂದೇ ಹದದ ಆಳ ಮತ್ತು ಅಗಲ ಇರುತ್ತವೆ, ಬಿರುಕು ಹಾಗಲ್ಲ. ಹತ್ತನೆಯ ಶತಮಾನದ ಸುಮಾರಿನ ಕನ್ನಡ-ತೆಲುಗು ಲಿಪಿಯಲ್ಲಿ ಪಕಾರ ವಕಾರಗಳನ್ನು ತಲೆಭಾಗ ತೆರೆದಿದೆಯೋ ಮುಚ್ಚಿದೆಯೋ ಎಂಬುದರಿಂದ ಗುರುತಿಸುತ್ತೇವೆ. ಗುಡಿಸಿನ ವೃತ್ತದೊಳಗಿನ ಸಣ್ಣ ಸುಳಿಯು ಹ್ರಸ್ವವನ್ನು ದೀರ್ಘದಿಂದ ಬೇರ್ಪಡಿಸುತ್ತದೆ. ಒಂದೆರಡು ಮಿಲಿಮೀಟರಿನ ಇಂಥ ವ್ಯತ್ಯಾಸಗಳ ಮೇಲೆ ಒಂದು ಹೆಸರೋ ಒಂದು ಊರೋ ನಿಂತಿರುತ್ತದೆ.

ಚಿತ್ರಗ್ರಹಣ

ಪ್ರತಿರೂಪ ಕೆಡುವುದು ಹೆಚ್ಚಾಗಿ ಗಣಕದಲ್ಲಲ್ಲ, ಹೊಲದ ಬದುವಿನಲ್ಲಿ. ತಂತ್ರಾಂಶವು ಒಂದೇ ಬಿಂದುವನ್ನು ಹಲವು ಚಿತ್ರಗಳಲ್ಲಿ ಗುರುತಿಸಿ ಅದರ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಆದ್ದರಿಂದ ಪ್ರತಿಯೊಂದು ಚಿತ್ರವೂ ಹಿಂದಿನದರ ಶೇಕಡ 70ರಿಂದ 80ರಷ್ಟು ಭಾಗವನ್ನು ಒಳಗೊಂಡಿರಬೇಕು. ನಿಂತಲ್ಲೇ ನಿಂತು ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿದರೆ ಆಳ ಸಿಗದು. ಪ್ರತಿ ಚಿತ್ರಕ್ಕೂ ಒಂದು ಹೆಜ್ಜೆ ಸರಿಯಬೇಕು.

ದೂರವನ್ನು ಅಕ್ಷರದ ಗೆರೆಯಿಂದ ನಿರ್ಧರಿಸಬೇಕು. 12 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್. ಚೌಕಟ್ಟಿನಲ್ಲಿ 80 ಸೆಂಟಿಮೀಟರ್ ಕಲ್ಲು ತುಂಬಿದರೆ ಒಂದು ಪಿಕ್ಸೆಲ್‌ಗೆ 0.2 ಮಿಲಿಮೀಟರ್ ಬರುತ್ತದೆ. ಪ್ರತಿರೂಪದ ನಿಜವಾದ ಸೂಕ್ಷ್ಮತೆ ಇದರ ಎರಡು ಮೂರು ಪಟ್ಟು ಒರಟಾಗಿರುವುದರಿಂದ, 2 ಮಿಲಿಮೀಟರ್ ಅಗಲದ ಗೆರೆಗೆ ನಾಲ್ಕೈದು ಬಿಂದುಗಳು ದೊರೆಯುತ್ತವೆ. ಎರಡು ಮೀಟರ್ ಅಗಲವನ್ನು ಒಂದೇ ಚೌಕಟ್ಟಿಗೆ ತುಂಬಿದರೆ ಅದೇ ಗೆರೆಗೆ ಒಂದೆರಡು ಬಿಂದುಗಳಷ್ಟೇ ಉಳಿದು ಅಕ್ಷರ ಕರಗಿಹೋಗುತ್ತದೆ.

ಒಂದೇ ಲೆನ್ಸ್ ಬಳಸಬೇಕು, ಜೂಮ್ ಮಾಡಬಾರದು, ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಸ್ಥಿರಗೊಳಿಸಬೇಕು. ಕಲ್ಲಿಗೆ ಹತ್ತಿರವಾದಾಗ ಕೆಲವು ಮೊಬೈಲ್‌ಗಳು ತಾವಾಗಿಯೇ ಬೇರೆ ಲೆನ್ಸ್‌ಗೆ ಬದಲಾಗುತ್ತವೆ. ಇದು ಗಮನಕ್ಕೆ ಬಾರದೆ ಇಡೀ ಸರಣಿಯನ್ನು ಕೆಡಿಸುತ್ತದೆ. ಚಿತ್ರಗಳನ್ನು ಕತ್ತರಿಸಬಾರದು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ, ಲೆನ್ಸ್‌ನ ವಿವರವೂ ಅಳಿಸಿಹೋಗುತ್ತದೆ. ಕೇಬಲ್ ಮೂಲಕ ವರ್ಗಾಯಿಸುವುದೇ ಲೇಸು.

ಬೆಳಕು ಮೃದುವಾಗಿ, ಒಂದೇ ಸಮನಾಗಿ ಇರಬೇಕು. ಮೋಡ ಕವಿದ ಹೊತ್ತು ಉತ್ತಮ. ಬಿಸಿಲಿದ್ದರೆ ಇಬ್ಬರು ಬಿಳಿ ಪಂಚೆಯೊಂದನ್ನು ಹಿಡಿದು ಕಲ್ಲಿನ ಮೇಲೆ ನೆರಳು ಮಾಡಬಹುದು. ಓರೆ ಬಿಸಿಲಿನಲ್ಲಿ ಅಕ್ಷರ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಸರಿಯುವ ನೆರಳನ್ನು ತಂತ್ರಾಂಶವು ಕಲ್ಲಿನ ಲಕ್ಷಣವೆಂದು ಭ್ರಮಿಸುತ್ತದೆ. ಓರೆ ಬೆಳಕನ್ನು ಅನಂತರ ಗಣಕದಲ್ಲಿ ನಾವೇ ಹಾಯಿಸಬಹುದು.

ಕಲ್ಲಿನ ಸ್ವಭಾವದಿಂದ ಬರುವ ತೊಡಕುಗಳು

ಒರಟು ಕಣಶಿಲೆ ಈ ವಿಧಾನಕ್ಕೆ ಅನುಕೂಲ. ಅದರ ಚುಕ್ಕೆಗಳೇ ಗುರುತುಗಳಾಗುತ್ತವೆ. ಹೇಮಾವತಿಯ ಶಿಲ್ಪಗಳಲ್ಲಿ ಕಾಣುವಂಥ ನಯಗೊಳಿಸಿದ ಕಪ್ಪು ಶಿಲೆ ಹಾಗಲ್ಲ. ಹೊಳಪು ನೋಡುವ ಕೋನದೊಂದಿಗೆ ಸರಿಯುತ್ತದೆ, ಗುರುತಿಸಲು ಚುಕ್ಕೆಗಳೂ ಇಲ್ಲ; ಫಲವಾಗಿ ಪ್ರತಿರೂಪದಲ್ಲಿ ತೂತುಗಳೂ ನಿಜವಲ್ಲದ ಉಬ್ಬುಗಳೂ ಮೂಡುತ್ತವೆ. ಪೂರ್ಣ ನೆರಳು, ಹೆಚ್ಚು ಚಿತ್ರಗಳು, ಸಾಧ್ಯವಾದರೆ ಬೆಳಕಿಗೂ ಲೆನ್ಸ್‌ಗೂ ಧ್ರುವೀಕರಣ ಫಿಲ್ಟರ್: ಇವೇ ಪರಿಹಾರ. ಹೊಳಪು ಅಡಗಿಸಲೆಂದು ಸೀಮೆಸುಣ್ಣ, ಹಿಟ್ಟು, ಪುಡಿ ಸವರುವುದು, ಎಣ್ಣೆ ಬಣ್ಣಗಳನ್ನು ಕೆರೆದು ತೆಗೆಯುವುದು ಸರ್ವಥಾ ಸಲ್ಲದು. ಪೂಜೆಗೊಳ್ಳುವ ಕಲ್ಲಿನ ಕುಂಕುಮವೂ ಅದರ ಇಂದಿನ ಚರಿತ್ರೆಯೇ.

ಗಣಕದಲ್ಲಿ ಕಾಣುವ ದೋಷಗಳು

ಮೆಶ್‌ರೂಮ್ ಮತ್ತು ಕೋಲ್‌ಮ್ಯಾಪ್ ಉಚಿತವಾಗಿ ದೊರೆಯುವ ಫೋಟೋಗ್ರಾಮೆಟ್ರಿ ತಂತ್ರಾಂಶಗಳು. ದಟ್ಟ ಮೇಲ್ಮೈಯನ್ನು ಲೆಕ್ಕ ಹಾಕುವ ಹಂತದಲ್ಲಿ ಇವು ಸಾಮಾನ್ಯವಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಡುತ್ತವೆ; ಕೆಲಸ ಅರ್ಧದಲ್ಲಿ ನಿಂತರೆ ಮೊದಲು ಪರಿಶೀಲಿಸಬೇಕಾದುದು ಇದನ್ನೇ. ಕಡತಕೋಶದ ಹೆಸರಿನಲ್ಲಿ ಕನ್ನಡ ಅಥವಾ ತೆಲುಗು ಲಿಪಿಯಿದ್ದರೆ ಕೆಲವು ತಂತ್ರಾಂಶಗಳು ಕಾರಣ ಹೇಳದೆ ಕೈಕೊಡುತ್ತವೆ. ಕೋಶಕ್ಕೆ ರೋಮನ್ ಅಕ್ಷರ ಮತ್ತು ಅಂಕಿಗಳ ಹೆಸರಿಟ್ಟು, ಕನ್ನಡದ ವಿವರವನ್ನು ಜೊತೆಯ ದಾಖಲೆಯಲ್ಲಿ ಬರೆಯಬೇಕು.

ಚಿತ್ರಗಳು ಒಂದಕ್ಕೊಂದು ಸೇರದಿದ್ದರೆ ನಡುವೆ ಅತಿವ್ಯಾಪ್ತಿ ಸಾಲದೆಂದೇ ಅರ್ಥ. ಮುಂಭಾಗದಿಂದ ಹಿಂಭಾಗಕ್ಕೆ ಹೋಗುವಾಗ ಅಂಚಿನ ಸುತ್ತ ಹತ್ತಾರು ಚಿತ್ರ ತೆಗೆಯದಿದ್ದರೆ ಕಲ್ಲು ಎರಡು ಹೋಳಾಗಿ ಬರುತ್ತದೆ. ಗಾಳಿಗೆ ಅಲುಗುವ ಹುಲ್ಲು, ಓಡಾಡುವ ಜನ, ಕ್ಯಾಮೆರಾ ಹಿಡಿದವರ ನೆರಳು ಮೇಲ್ಮೈಯನ್ನು ಒರಟಾಗಿಸುತ್ತವೆ. ಮಸುಕಾದ ಚಿತ್ರಗಳನ್ನು ಆರಂಭದಲ್ಲೇ ತೆಗೆದುಹಾಕಿದರೆ ಫಲ ಸುಧಾರಿಸುತ್ತದೆ.

ಕಣ್ಣಿಗೆ ಸುಲಭವಾಗಿ ಬೀಳದ ದೋಷವೊಂದಿದೆ: ಚಪ್ಪಟೆ ಕಲ್ಲು ಪ್ರತಿರೂಪದಲ್ಲಿ ಬೋರಲು ಬಟ್ಟಲಿನಂತೆ ಉಬ್ಬುವುದು. ಎಲ್ಲ ಚಿತ್ರಗಳನ್ನೂ ಕಲ್ಲಿಗೆ ನೇರ ಎದುರಾಗಿಯೇ ತೆಗೆದಾಗ ಲೆನ್ಸ್‌ನ ಬಾಗು ಯಾವುದು, ಕಲ್ಲಿನ ಬಾಗು ಯಾವುದು ಎಂದು ತಂತ್ರಾಂಶಕ್ಕೆ ತಿಳಿಯದು. ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ತೆಗೆದ ಚಿತ್ರಗಳನ್ನು ಸೇರಿಸಿದರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಅಂದಗೊಳಿಸುವಿಕೆಯ ಅಪಾಯ

ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳ ಬಲೆಯಾಗಿ ಕಟ್ಟಿದ ರೂಪಕ್ಕೆ ಮೆಶ್ ಎಂದು ಹೆಸರು. ಅದನ್ನು ಮೆಶ್‌ಲ್ಯಾಬ್ ಅಥವಾ ಬ್ಲೆಂಡರ್‌ನಲ್ಲಿ ತೆರೆದಾಗ ಮೂರು ಆಕರ್ಷಣೆಗಳು ಎದುರಾಗುತ್ತವೆ. ನಯಗೊಳಿಸುವ ಆಜ್ಞೆಯು ಒರಟುತನದೊಂದಿಗೆ ಗುಡಿಸಿನೊಳಗಿನ ಸುಳಿಯನ್ನೂ ಅಳಿಸಿ ದೀರ್ಘವನ್ನು ಹ್ರಸ್ವವಾಗಿಸುತ್ತದೆ. ತೂತು ಮುಚ್ಚುವ ಆಜ್ಞೆಯು ದತ್ತಾಂಶವಿಲ್ಲದಲ್ಲಿ ನುಣುಪಾದ ಕಲ್ಲನ್ನು ಸೃಷ್ಟಿಸುತ್ತದೆ. ಮುಂದೆ ನೋಡುವವರು ಅಲ್ಲಿ ಅಕ್ಷರವೇ ಇರಲಿಲ್ಲವೆಂದು ತೀರ್ಮಾನಿಸುತ್ತಾರೆ. ತ್ರಿಕೋನಗಳನ್ನು ಕಡಿಮೆ ಮಾಡುವ ಆಜ್ಞೆಯು ಕಡತವನ್ನು ಹಗುರಗೊಳಿಸುತ್ತದೆ, ಗೆರೆಯ ಅಂಚನ್ನೂ ಮೊಂಡಾಗಿಸುತ್ತದೆ. ಸಂಪಾದಕನು ಲುಪ್ತ ಅಕ್ಷರಗಳನ್ನು ತಾನೇ ತುಂಬಿ ಆವರಣಚಿಹ್ನೆ ಹಾಕದೆ ಅಚ್ಚಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಓದಿಗೆ ಬಳಸುವ ಮೆಶ್‌ಗೆ ಈ ಮೂರನ್ನೂ ತಾಗಿಸಬಾರದು. ಪ್ರದರ್ಶನಕ್ಕೆ ಬೇಕಾದರೆ ಬೇರೆ ಪ್ರತಿ ಮಾಡಿ, ಮಾಡಿದ್ದನ್ನು ಬರೆದಿಡಬೇಕು.

ಓದುವ ಬಗೆ

ಮೊದಲು ಬಣ್ಣವನ್ನು ಮರೆಮಾಡಿ ಬೂದು ಮೇಲ್ಮೈಯನ್ನಷ್ಟೇ ಉಳಿಸಬೇಕು. ಕಲೆ, ಸುಣ್ಣ, ಪಾಚಿಗಳೆಲ್ಲ ಆಗ ಮರೆಯಾಗುತ್ತವೆ. ಬ್ಲೆಂಡರ್‌ನಲ್ಲಿ ಒಂದು ದೀಪವನ್ನು ತಗ್ಗು ಕೋನದಲ್ಲಿಟ್ಟು ಕಲ್ಲಿನ ಸುತ್ತ ತಿರುಗಿಸುತ್ತ ಓದಬೇಕು, ಏಕೆಂದರೆ ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾದ ಗೆರೆ ನೆರಳು ಬೀಳಿಸದೆ ಅಡಗಿಬಿಡುತ್ತದೆ. ಬೆಳಕು ಕೆಳಗಿನಿಂದ ಬಂದಾಗ ಕೊರೆದ ಅಕ್ಷರ ಉಬ್ಬಿದಂತೆ ಕಾಣುವ ದೃಷ್ಟಿಭ್ರಮೆಯುಂಟು. ಪ್ರಕಟಣೆಯ ಚಿತ್ರಗಳಿಗೆ ಬೆಳಕು ಎಡ ಮೇಲ್ಭಾಗದಿಂದ ಬರುವಂತೆ ನೋಡಿಕೊಳ್ಳುವುದು ವಾಡಿಕೆ. ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ಕಲ್ಲಿನ ಮುಖಕ್ಕೆ ಒಂದು ಸಮತಲವನ್ನು ಹೊಂದಿಸಿ, ಪ್ರತಿ ಬಿಂದುವೂ ಅದರಿಂದ ಎಷ್ಟು ತಗ್ಗಿನಲ್ಲಿದೆ ಎಂಬುದನ್ನು ಬಣ್ಣಗಳಲ್ಲಿ ಕಾಣಬಹುದು. ಬಿರುಕೋ ಗೆರೆಯೋ ಎಂಬ ವಾದಕ್ಕೆ ಈ ಆಳದ ನಕ್ಷೆ ಉತ್ತಮ ಆಧಾರ.

ಮೇಲ್ಮೈ ಕಪ್ಪಾಗಿಯೋ ಒಳಹೊರಗಾಗಿಯೋ ಕಂಡರೆ ತ್ರಿಕೋನಗಳ ಮುಖದಿಕ್ಕು ತಿರುಗುಮುರುಗಾಗಿದೆ ಎಂದರ್ಥ. ಮುಖದಿಕ್ಕು ಬದಲಿಸುವ ಆಜ್ಞೆಯೊಂದೇ ಸಾಕು. ಆಮದು ಮಾಡಿದ ಕಲ್ಲು ಅಡ್ಡಬಿದ್ದಿದ್ದರೆ ಅಕ್ಷಗಳ ಸಂಪ್ರದಾಯ ಬೇರೆಯಾಗಿರುತ್ತದೆ. 90 ಡಿಗ್ರಿ ತಿರುಗಿಸಿದರಾಯಿತು.

ಅಳತೆ, ಕಡತ, ದಾಖಲೆ

ಫೋಟೋಗ್ರಾಮೆಟ್ರಿಗೆ ಆಕಾರ ಗೊತ್ತು, ಗಾತ್ರ ಗೊತ್ತಿಲ್ಲ. ಚಿತ್ರಗ್ರಹಣದ ವೇಳೆ ಕಲ್ಲಿನ ಪಕ್ಕದಲ್ಲಿ ಎರಡು ಅಳತೆಪಟ್ಟಿಗಳನ್ನು ಬೇರೆ ಬೇರೆ ದಿಕ್ಕಿನಲ್ಲಿ ಇಡಬೇಕು: ಒಂದರಿಂದ ಗಾತ್ರವನ್ನು ಹೊಂದಿಸಿ, ಇನ್ನೊಂದರಿಂದ ಪರೀಕ್ಷಿಸಬಹುದು. ತ್ರಿಆಯಾಮ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನವೇ ದಾಖಲಾಗುವುದಿಲ್ಲ. ಮೀಟರಿನಲ್ಲಿ ಉಳಿಸಿದ್ದನ್ನು ಮುದ್ರಣ ತಂತ್ರಾಂಶವು ಮಿಲಿಮೀಟರೆಂದು ಓದಿದಾಗ ಆಳೆತ್ತರದ ವೀರಗಲ್ಲು ಸಾಸಿವೆಯಷ್ಟಾಗುತ್ತದೆ. 1000ದಿಂದ ಗುಣಿಸಿದರೆ ಸರಿಹೋಗುತ್ತದೆ. ಸಂಗ್ರಹಕ್ಕೆ ಬಣ್ಣವನ್ನೂ ಉಳಿಸಿಕೊಳ್ಳಬಲ್ಲ ಪಿಎಲ್‌ವೈ ಮೇಲು. ಎಲ್ಲಕ್ಕಿಂತ ಮುಖ್ಯವಾದವು ಮೂಲ ಚಿತ್ರಗಳು: ನಾಳೆಯ ತಂತ್ರಾಂಶ ಅವುಗಳಿಂದ ಇನ್ನೂ ಉತ್ತಮ ಪ್ರತಿರೂಪ ಕಟ್ಟಬಲ್ಲದು. ಎರಡು ಕಡೆ ಪ್ರತಿಗಳಿರಲಿ.

ದಾಖಲೆಯಲ್ಲಿ ಊರಿನ ಹೆಸರು ಕನ್ನಡ ತೆಲುಗು ಎರಡೂ ಲಿಪಿಗಳಲ್ಲಿ, ಹಳೆಯ ಮತ್ತು ಇಂದಿನ ಆಡಳಿತ ವಿಭಾಗಗಳೆರಡರಲ್ಲಿಯೂ ಇರಬೇಕು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗುಡಿಬಂಡೆ ಎಂದಷ್ಟೇ ಬರೆದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಯೆಂದು ಓದುವ ಸಂಭವವೇ ಹೆಚ್ಚು. ಹಳೆಯ ಸಂಪುಟದ ಪಾಠವನ್ನು ಇಂದಿನ ಕಲ್ಲಿಗೆ ಜೋಡಿಸುವ ಕೊಂಡಿ ಈ ಒಂದು ಸಾಲೇ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ, ಉಳಿದೆಡೆ ಊರವರ ಅಥವಾ ಹೊಲದ ಒಡೆಯರ ಒಪ್ಪಿಗೆ ಪಡೆದೇ ಕೆಲಸ ಆರಂಭಿಸಬೇಕು.

ಪ್ರತಿರೂಪವು ಕಲ್ಲಿಗೆ ಬದಲಿಯಲ್ಲ, ಪಡಿಯಚ್ಚಿಗೂ ಬದಲಿಯಲ್ಲ. ಒಬ್ಬರ ಓದನ್ನು ಮತ್ತೊಬ್ಬರು ತಮ್ಮ ಊರಿನಲ್ಲೇ ಕುಳಿತು, ಬೆಳಕಿನ ದಿಕ್ಕು ಬದಲಿಸಿ, ಒಪ್ಪಲು ಅಥವಾ ಅಲ್ಲಗಳೆಯಲು ಅದು ಅವಕಾಶ ಕೊಡುತ್ತದೆ. ಕನ್ನಡ ಬಲ್ಲವರೂ ತೆಲುಗು ಬಲ್ಲವರೂ ಕೂಡಿಯೇ ಓದಬೇಕಾದ ಈ ಸೀಮೆಯ ಕಲ್ಲುಗಳಿಗೆ ಅಂಥ ಅವಕಾಶ ಬೇಕಾಗಿದೆ. ಮುಂದಿನ ಮೋಡದ ದಿನ ಹತ್ತಿರದ ಒಂದು ಕಲ್ಲಿನಿಂದ ಆರಂಭಿಸಬಹುದು.