ಸೂಡಿಯ ನೀರೂ ವಿಜ್ಞಾನದ ಪಾಠವೂ

ವಿಜ್ಞಾನಶಿಕ್ಷಣವನ್ನು ಸುಧಾರಿಸಬೇಕೆಂಬ ಮಾತು ಎದ್ದಾಗಲೆಲ್ಲಾ ಮೊದಲು ಹೊಸ ಪಠ್ಯಕ್ರಮವೂ, ಆ ಮೇಲೆ ಹೊಸ ಪುಸ್ತಕಗಳೂ, ಕಟ್ಟಕಡೆಗೆ ಉಪಕರಣಗಳ ಪೆಟ್ಟಿಗೆಯೂ ಹೊರಡುವವು. ಆ ಪೆಟ್ಟಿಗೆಯು ಮುಟ್ಟುವ ಊರಿಗೆ ಏನು ಬೇಕೆಂದು ವಿಚಾರಿಸುವದು ಮಾತ್ರ ಅಪರೂಪ. ಗ್ರಾಮಗಳಲ್ಲಿ ವಿಜ್ಞಾನವನ್ನು ಒಕ್ಕಲುತನಕ್ಕೆ ಹೊಂದಿಸಿ ಕಲಿಸತಕ್ಕದ್ದೆಂದು 1964–66ರ ಕೊಠಾರಿ ಆಯೋಗವು ಹೇಳಿತು. ಆದರೆ ಊರಿನ ಅವಶ್ಯಕತೆಯು ಹೊಲದಲ್ಲಿ ಮಾತ್ರವೇ ಇರುವದೆಂದು ತಿಳಿಯಲಾಗದು. ಗಜೇಂದ್ರಗಡದ ಸಮೀಪದ ಸೂಡಿಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ.

ಸೂಡಿಯು ಚಾಲುಕ್ಯರ ಕಾಲದ ಊರು. ಜೋಡುಕಲಶದ ಗುಡಿಯನ್ನೂ ಮೆಟ್ಟಲುಗಳುಳ್ಳ ನಾಗಕುಂಡವನ್ನೂ ನೋಡಲಿಕ್ಕೆ ಪರಸ್ಥಳದವರು ಬರುವರು. ಸುತ್ತಲೂ ಎರೆಭೂಮಿ, ಮಳೆಯು ಸ್ವಲ್ಪ. ಇಂಥಲ್ಲಿ ಪೂರ್ವಿಕರು ಅಷ್ಟು ದೊಡ್ಡ ಕುಂಡವನ್ನು ಕಟ್ಟಿದ್ದು ಕೇವಲ ಶೋಭೆಗಾಗಿ ಅಲ್ಲವೆಂದು ನನಗೆ ತೋರುವದು. ಕೊಳವೆಬಾವಿಗಳು ಬಂದ ಮೇಲೆ ಈ ಸೀಮೆಯವರು ನೆಲದ ಆಳದ ನೀರನ್ನು ಎತ್ತಹತ್ತಿದರು. ಗದಗ ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂಥ ನೀರಿನೊಳಗೆ ಫ್ಲೋರೈಡು ಮಿತಿಮೀರಿರುವದೆಂದು ಸರಕಾರದ ಪರೀಕ್ಷೆಗಳಿಂದ ತಿಳಿದುಬಂದಿದೆ. ಲೀಟರಿಗೆ 1 ಮಿಲಿಗ್ರಾಮಿನ ವರೆಗೆ ಇರುವದು ಯೋಗ್ಯ; ಬೇರೆ ನೀರು ಸಿಕ್ಕದಲ್ಲಿ 1.5ರ ವರೆಗೆ ನಡೆಯಬಹುದು. ಅದಕ್ಕೆ ಮೀರಿದ ನೀರನ್ನು ಎಳೆಯ ಪ್ರಾಯದಲ್ಲಿ ವರ್ಷಗಟ್ಟಲೆ ಕುಡಿದವರ ಹಲ್ಲುಗಳು ಕಂದುಗಟ್ಟುವವು. ಪ್ರಮಾಣವು ಬಹಳವಾದರೆ ಎಲುಬು ಕೀಲುಗಳು ಬಿಗಿದು ಮನುಷ್ಯನು ಬಗ್ಗಲಾರನು. ಬಾವಿಯಿಂದ ಬಾವಿಗೆ ಭೇದವಿರುವದರಿಂದ, ನೆರೆಯೂರಿನ ನೀರನ್ನು ಪರೀಕ್ಷಿಸಿ ಈ ಊರಿನದನ್ನು ಹೇಳಲಾಗದು.

ಈಗ ನಮ್ಮ ಪಾಠವನ್ನು ನೋಡಿರಿ. ನೀರನ್ನು ಕುದಿಸಿ ಕುಡಿಯಬೇಕೆಂದು ಯಾವ ಹುಡುಗಿಯಾದರೂ ತಡವರಿಸದೆ ಹೇಳುವಳು. ರೋಗಕ್ರಿಮಿಗಳ ವಿಷಯದಲ್ಲಿ ಅದು ಸತ್ಯವೇ. ಫ್ಲೋರೈಡಿನ ವಿಷಯದಲ್ಲಿಯಾದರೋ ಕುದಿಸಿದಷ್ಟೂ ನೀರು ಉಗಿಯಾಗಿ ಹೋಗುವದು, ಫ್ಲೋರೈಡು ಪಾತ್ರೆಯಲ್ಲಿಯೇ ಉಳಿದು ಮತ್ತಷ್ಟು ಗಾಢವಾಗುವದು. ಬೇರೊಂದು ಸೀಮೆಯಲ್ಲಿ ಪೂರ್ಣವಾದ ಪಾಠವು ಇಲ್ಲಿ ಅರೆಪಾಠ. ಮನೆಯವರ ಹಿತಕ್ಕೆಂದು ಕಟ್ಟಿಗೆ ಸುಟ್ಟು ನೀರು ಕಾಯಿಸುವ ಹುಡುಗಿಗೆ ಇದನ್ನು ತಿಳಿಸದಿರುವದು ನ್ಯಾಯವೇ?

ತಿಳಿಸುವದಕ್ಕೆ ಭಾರೀ ಪ್ರಯೋಗಶಾಲೆಯು ಬೇಡ. ನಾಗಪುರದ ಸಂಶೋಧನಾಲಯದವರು ರೂಪಿಸಿದ ನಲಗೊಂಡಾ ಪದ್ಧತಿಯಲ್ಲಿ ಸುಣ್ಣವನ್ನೂ ಪಟಿಕವನ್ನೂ ನೀರಿಗೆ ಹಾಕಿ ಕಲಕುವರು, ಅರಳಿದಂತೆ ಕಾಣುವ ಗಸಿಯು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುವದು, ತಿಳಿಯನ್ನು ಸೋಸಿಕೊಳ್ಳುವರು. ಪಟಿಕದ ತೂಕವು ತಪ್ಪಿದರೆ ಅಲ್ಯೂಮಿನಿಯಮು ನೀರಿನಲ್ಲಿ ಉಳಿಯುವದರಿಂದ ಕಣ್ಣಂದಾಜು ಸಲ್ಲದು. ತೂಗುವದು, ಅಳೆಯುವದು, ಮೊದಲೂ ಆ ಮೇಲೂ ಪರೀಕ್ಷಿಸುವದು: ರಸಾಯನಶಾಸ್ತ್ರದ ಅರ್ಧ ಶಿಸ್ತು ಇದರಲ್ಲಿಯೇ ಅಡಗಿದೆ.

ಹಳ್ಳಿಯ ಹುಡುಗಿಗೆ ಹಳ್ಳಿಗೆ ಬೇಕಾದಷ್ಟೇ ವಿಜ್ಞಾನವು ಸಾಕೆಂದು ಕೆಲವರು ಇದರಿಂದ ಅರ್ಥ ಮಾಡಿಯಾರು. ಅದನ್ನು ನಾನು ಒಪ್ಪಲಾರೆನು. ಸೂಡಿಯ ಹುಡುಗಿಯೂ ಬೆಂಗಳೂರಿನ ಹುಡುಗಿಯೂ ಬರೆಯುವ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಒಂದೇ. ಊರಿನ ಅವಶ್ಯಕತೆಯು ಪಾಠವು ಎಲ್ಲಿ ಆರಂಭವಾಗಬೇಕೆಂಬದನ್ನು ತೋರಿಸಲಿ, ಎಲ್ಲಿ ನಿಲ್ಲಬೇಕೆಂಬದನ್ನಲ್ಲ. ಕೊಡದೊಳಗಿನ ಫ್ಲೋರೈಡಿನಿಂದ ಹೊರಟವಳು ಕ್ಲೋರಿನ್, ಅಯೋಡಿನ್‌ಗಳನ್ನು ದಾಟಿ ಮೂಲವಸ್ತುಗಳ ಪಟ್ಟಿಯನ್ನೆಲ್ಲಾ ತಿರುಗಿ ಬರಬಹುದು.

ಯೋಜನೆ ಮಾಡುವವರು ಕಚೇರಿಯಲ್ಲಿ ಲೆಕ್ಕ ಕೇಳಿದರೆ ಸಾಲದು. ವೈಶಾಖದ ಬಿಸಿಲಿನಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಬರಲಿ. ಯಾವ ನೀರು ಕುಡಿಯಲಿಕ್ಕೆ, ಯಾವದು ಬಳಕೆಗೆ, ಯಾವ ತಿಂಗಳಲ್ಲಿ ಯಾವದು ಬತ್ತುವದೆಂದು ಕೊಡ ಹೊತ್ತವರನ್ನೇ ಕೇಳಲಿ. ಎರಡು ಸಲವೂ ಅದೇ ಬಾವಿಗಳ ನೀರನ್ನು ವಿದ್ಯಾರ್ಥಿನಿಯರೇ ಸೀಸೆಗಳಲ್ಲಿ ತುಂಬಿ, ತಾರೀಖು ಬರೆದು, ಪರೀಕ್ಷೆಯ ಫಲವನ್ನು ಶಾಲೆಯ ದಪ್ತರದಲ್ಲಿ ದಾಖಲು ಮಾಡಲಿ.